ಮಾವಿನ ನೊಣಕ್ಕೂ ಹೀರೆಯ ನೊಣಕ್ಕೂ ಏನು ನೆಂಟಸ್ತಿಕೆ?

2014ರ ಮೇ 1ರಿಂದ ಐರೋಪ್ಯ ಒಕ್ಕೂಟ ನಮ್ಮ ದೇಶದ ಮಾವನ್ನು ತರಿಸಿಕೊಳ್ಳುವುದನ್ನು ನಿಲ್ಲಿಸಿದ್ದು ರೈತ ಬಾಂಧವರಿಗೆ ನೆನಪಿರಬಹುದು. ಅಲ್ಲಿ ಇಳಿದ ಸರಕಿನಲ್ಲಿ ಹಣ್ಣುನೊಣ ಸಿಕ್ಕಿತ್ತು. 2015ರ ಜನವರಿಯಲ್ಲಿ ನಿಷೇಧ ತೆರವಾಯಿತೆನ್ನಿ. ಆದರೂ ಅಕ್ಕಿಕಾಳಿನಷ್ಟು ಹುಳು ಯಾವ ಜಾತಿಯದೆಂಬ ಪ್ರಶ್ನೆಯ ಮೇಲೆ ತೋಟದ ಬೆಲೆ ನಿಲ್ಲುವ ಕಾಲವಿದು. ರೆಕ್ಕೆ ಬಂದ ನೊಣವನ್ನು ಬಲ್ಲವರು ಭೂತಗನ್ನಡಿ ಹಿಡಿದು ಗುರುತಿಸಿಯಾರು. ಹಣ್ಣಿನೊಳಗಿನ ಬಿಳಿ ಹುಳುಗಳೆಲ್ಲ ಕಣ್ಣಿಗೆ ಒಂದೇ.

ಇಲ್ಲಿ ನೆರವಿಗೆ ಬರುವುದು ಮೈಟೊಕಾಂಡ್ರಿಯ. ಜೀವಕೋಶಕ್ಕೆ ಶಕ್ತಿ ಒದಗಿಸುವ ಈ ಕಣಕ್ಕೆ ತನ್ನದೇ ಡಿ.ಎನ್.ಎ. ಇದೆ, ಹಣ್ಣುನೊಣದಲ್ಲಿ ಸುಮಾರು 16,000 ಅಕ್ಷರಗಳ ಬರಹ, 37 ಜೀನುಗಳು. ಅದು ತಾಯಿಯಿಂದ ಮಾತ್ರ ಮಕ್ಕಳಿಗೆ ಇಳಿಯುತ್ತದೆ. ತಲೆಮಾರು ಉರುಳಿದಂತೆ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತದೆ. ವ್ಯತ್ಯಾಸ ಕಡಿಮೆಯಿದ್ದರೆ ಹತ್ತಿರದ ನೆಂಟರು, ಹೆಚ್ಚಿದ್ದರೆ ದೂರದವರು.

2003ರಲ್ಲಿ ಕೀನ್ಯಾ ದೇಶದಲ್ಲಿ ಹೊಸ ನೊಣವೊಂದು ಕಂಡುಬಂತು. ಮುಂದೆ ಆಫ್ರಿಕದ ಹಲವು ದೇಶಗಳ ಮಾವಿಗೆ ಅದು ಪಿಡುಗಾಯಿತು. 2005ರಲ್ಲಿ ಅದಕ್ಕೆ ಬ್ಯಾಕ್ಟ್ರೊಸೆರಾ ಇನ್ವೇಡೆನ್ಸ್ ಎಂಬ ಹೊಸ ಹೆಸರು ಕೊಟ್ಟರು. ಹೆಸರು ಬೇರೆಯಾದರೆ ರಫ್ತಿನ ನಿಯಮ ಬೇರೆ, ಉಪಚಾರದ ಪ್ರಯೋಗಗಳೂ ಬೇರೆ. ಹತ್ತು ವರ್ಷದ ಮೇಲೆ, 2015ರಲ್ಲಿ, ಅದು ನಮ್ಮ ಮಾವಿನ ನೊಣ ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್ ಅಲ್ಲದೆ ಬೇರೇನಲ್ಲ ಎಂದು ತೀರ್ಮಾನವಾಯಿತು. ತಾಯಿಯ ಕಡೆಯ ಬರಹವೊಂದನ್ನೇ ನೆಚ್ಚಿ ಹೇಳಿದ ಮಾತಲ್ಲ; ಎರಡನ್ನೂ ಕೂಡಿಸಿ, ಸಂತತಿ ಬೆಳೆಯುವುದನ್ನೂ ನೋಡಿದ್ದರು. ಅದೇ ಸರಿ. ತಂದೆಯ ಕಡೆಯದನ್ನು ಕೇಳದೆ ವಂಶಾವಳಿ ಬರೆಯಲಾದೀತೆ?

ಹೀರೆ, ಹಾಗಲ, ಸೌತೆಯ ನೊಣದ ಕಥೆ ಇದಕ್ಕೆ ತಿರುವುಮುರುವು. ಬಹುಕಾಲ ಅದನ್ನೂ ಬ್ಯಾಕ್ಟ್ರೊಸೆರಾ ಕುಲದಲ್ಲೇ ಎಣಿಸುತ್ತಿದ್ದರು. ಡಿ.ಎನ್.ಎ. ಹೋಲಿಕೆಯಿಂದ ದೂರದ್ದೆಂದು ಕಂಡು, 2015ರಲ್ಲಿ ಅದರ ಗುಂಪನ್ನು ಜ್ಯೂಗೊಡೇಕಸ್ ಎಂಬ ಬೇರೆ ಕುಲವಾಗಿ ಮಾಡಿದರು. ಹೊಲದಲ್ಲಿ ಈ ಅಂತರ ಮೊದಲೇ ಕಾಣುತ್ತಿತ್ತು. ಮಾವಿನ ಗಂಡು ನೊಣ ಮಿಥೈಲ್ ಯೂಜಿನಾಲ್ ವಾಸನೆಗೆ ಓಡಿಬರುತ್ತದೆ. ಹೀರೆಯ ನೊಣ ಅತ್ತ ಸುಳಿಯದು, ಅದಕ್ಕೆ ಕ್ಯೂ ಲ್ಯೂರ್ ಬೇಕು. ಮಾವಿನ ಬಲೆಯನ್ನು ಹಾಗಲದ ಚಪ್ಪರಕ್ಕೆ ಕಟ್ಟಿ, ನೊಣ ಬೀಳಲಿಲ್ಲವೆಂದು ಬಲೆಯನ್ನು ಬೈದವರನ್ನು ನಾನೇ ಕಂಡಿದ್ದೇನೆ. ಅಷ್ಟರಲ್ಲಿ ಕಾಯಿ ಕೊಳೆತಿತ್ತು.

ಬಲೆ ಕೊಳ್ಳುವಾಗ ಬೆಳೆಯ ಹೆಸರು ಹೇಳಿ ಕೇಳಿರಿ. ಎರಡು ಮದ್ದೂ ಗಂಡನ್ನಷ್ಟೇ ಸೆಳೆಯುತ್ತವೆ, ಮೊಟ್ಟೆಯಿಡುವ ಹೆಣ್ಣನ್ನಲ್ಲ. ಆದ್ದರಿಂದ ಉದುರಿದ ಕಾಯಿ, ಹಣ್ಣುಗಳನ್ನು ಆಗಾಗ ಆರಿಸಿ ಆಳವಾಗಿ ಹೂಳುವುದನ್ನು ಬಿಡಬೇಡಿ.