ಕೋಲು ಅಟ್ಟಕ್ಕೆ ಹಾಕಬೇಡಿ



ಈ ಸಲ ಬಂದ ಕಾಗದಗಳ ಕಟ್ಟಿನಲ್ಲಿ ಕೂದಲು ಉದುರುವ ಚಿಂತೆ ಇತ್ತು, ಉಪ್ಪಿನಕಾಯಿಗೆ ಬೂಸ್ಟು ಹಿಡಿದ ಚಿಂತೆ ಇತ್ತು, ಮಗಳ ಮದುವೆಯ ಚಿಂತೆಯೂ ಇತ್ತು. ಅವುಗಳ ನಡುವೆ ಒಂದು ಕಾಗದ ಮಾತ್ರ ಬೇರೆ ಥರ. ಬರೆದವರು ಬೆಂಗಳೂರಿನ ಗೃಹಿಣಿ. ವಯಸ್ಸು 47. ತವರು ರಾಣೇಬೆನ್ನೂರು ತಾಲ್ಲೂಕಿನ ಮೇಡ್ಲೇರಿ. ಅವರು ಕೇಳಿರುವುದು ಗಾಲ್ಫ್ ಆಟದ ಬಗ್ಗೆ!

“ಮಕ್ಕಳಿಬ್ಬರೂ ಓದಿಗೆಂದು ಹೊರಗೆ ಹೋದ ಮೇಲೆ ಮನೆ ಬಣಗುಟ್ಟಿತು. ‘ನೀನೂ ಆಡು ಬಾ’ ಅಂತ ನಮ್ಮ ಯಜಮಾನರು ಗಾಲ್ಫ್‌ಗೆ ಕರೆದುಕೊಂಡು ಹೋದರು. ಎರಡು ವರ್ಷವಾದರೂ ಆಟ ಸುಧಾರಿಸಿಲ್ಲ. ಕಳೆದ ತಿಂಗಳು ಹೆಂಗಸರ ಸ್ಪರ್ಧೆಯಲ್ಲಿ ನನ್ನ ಮೊದಲ ಹೊಡೆತ ಗಾಳಿಗೇ ಹೋಯಿತು, ಚೆಂಡು ಇದ್ದಲ್ಲೇ ಇತ್ತು. ಹಿಂದೆ ಯಾರೋ ಕಿಸಕ್ಕೆಂದರು. ಇವರು ಪ್ರತಿಯೊಂದು ಹೊಡೆತಕ್ಕೂ ತಿದ್ದುತ್ತಾರೆ, ಮನೆಗೆ ಬರುವಷ್ಟರಲ್ಲಿ ಇಬ್ಬರಿಗೂ ಮಾತಿರುವುದಿಲ್ಲ. ಊರಿಗೆ ಫೋನ್ ಮಾಡಿದರೆ ನಮ್ಮವ್ವ ‘ಈ ವಯಸ್ಸಿನ್ಯಾಗ ಕೋಲು ಹಿಡಕೊಂಡು ಬಯಲಾಗ ತಿರಗೂದು ಯಾಕವ್ವಾ?’ ಅಂತಾಳೆ. ಚಿಕ್ಕವಳಿದ್ದಾಗ ಅಣ್ಣಂದಿರ ಜೊತೆ ಚಿಣಿಫಣಿ ಚೆನ್ನಾಗಿ ಆಡುತ್ತಿದ್ದೆ. ದೊಡ್ಡವಳಾದೆ ಅಂತ ಬಿಡಿಸಿದರು. ಈಗ ಇದನ್ನೂ ಬಿಟ್ಟು ಕೋಲುಗಳನ್ನು ಅಟ್ಟಕ್ಕೆ ಹಾಕಲೆ?”

ಬೇಡ ಸೋದರಿ. ಅಂದು ಆಟ ಬಿಡಿಸಿದವರು ಮನೆಯ ಹಿರಿಯರು. ಇಂದು ನೀವೇ ಬಿಟ್ಟರೆ ಬಿಡಿಸಿದವರು ಯಾರು? ಯಾರೋ ಕಿಸಕ್ಕೆಂದದ್ದಕ್ಕೆ ಅಷ್ಟೊಂದು ಬೆಲೆ ಕೊಡಬೇಡಿ. ನಾನು ಕೋಲು ಹಿಡಿದದ್ದು 42ರ ಮೇಲೆ. ಮೊದಲ ಸ್ಪರ್ಧೆಯಲ್ಲಿ ಮೂರು ಸಲ ಗಾಳಿಗೆ ಬೀಸಿದವಳು ನಾನು. ಆ ಮೂರನ್ನೂ ಚೀಟಿಯಲ್ಲಿ ಬರೆದುಕೊಂಡೆ. ಹೊಡೆಯಬೇಕೆಂದು ಬೀಸಿದರೆ ಚೆಂಡಿಗೆ ತಾಗದಿದ್ದರೂ ಅದು ಒಂದು ಹೊಡೆತವೇ. ಹಾಗಂತ ನಿಯಮವಿದೆ.

‘ಗಾಲ್ಫ್ ನಮಗೆಲ್ಲಿ ಬಂತು’ ಅಂತ ಉಳಿದ ಸೋದರಿಯರು ಪುಟ ತಿರುವಬೇಡಿ. ನಡುವಯಸ್ಸಿನಲ್ಲಿ ಹೊಸದೇನನ್ನಾದರೂ ಕಲಿಯಹೊರಟವರಿಗೆಲ್ಲ ಈ ಮಾತು ಸಲ್ಲುತ್ತದೆ.

ಮೊದಲು ಲೆಕ್ಕ ಬರೆಯಿರಿ

ತಿಂಗಳ ಕೊನೆಗೆ ದುಡ್ಡು ಸಾಲದೆ ಬಂದರೆ ನಾವೇನು ಮಾಡುತ್ತೇವೆ? ಲೆಕ್ಕದ ಪುಸ್ತಕ ತೆಗೆದು ಎಲ್ಲಿ ಸೋರಿತು ಅಂತ ನೋಡುತ್ತೇವೆ. ಇಲ್ಲೂ ಅಷ್ಟೆ. ಸಾಮಾನ್ಯವಾಗಿ 18 ಕುಳಿಗಳ ಮೈದಾನಕ್ಕೆ 72 ಹೊಡೆತ ಅಂತ ಇಟ್ಟಿರುತ್ತಾರೆ. ಇದಕ್ಕೆ ‘ಪಾರ್’ ಎನ್ನುತ್ತಾರೆ. ಪ್ರತಿ ಕುಳಿಯ ಸುತ್ತ ನುಣ್ಣಗೆ ಹುಲ್ಲು ಕತ್ತರಿಸಿದ ಜಾಗವೇ ‘ಗ್ರೀನ್’. ಅಲ್ಲಿ ಚೆಂಡನ್ನು ಮೆಲ್ಲಗೆ ಉರುಳಿಸುವ ‘ಪಟ್’ಗೆ ಕುಳಿಗೆ ಎರಡರಂತೆ ಪಾರ್‌ನಲ್ಲೇ ಅವಕಾಶವಿದೆ. 18ಕ್ಕೆ ಎರಡರಂತೆ 36. ನೋಡಿದಿರಾ? 72ರಲ್ಲಿ ಸರಿಯಾಗಿ ಅರ್ಧ!

ಆದರೆ ನಾವು ಅಭ್ಯಾಸಕ್ಕೆ ಹೋದಾಗ ಮಾಡುವುದೇನು? ಡ್ರೈವರ್ ಎಂಬ ಉದ್ದದ ಕೋಲು ಹಿಡಿದು ಶಕ್ತಿಯೆಲ್ಲ ಹಾಕಿ ಬೀಸುವುದು. ಇನ್ನು ಮುಂದೆ ಐದು ಸುತ್ತು ಆಡುವ ತನಕ ಪ್ರತಿ ಕುಳಿಗೂ ಎರಡು ಅಂಕಿ ಬರೆಯಿರಿ. ಒಟ್ಟು ಹೊಡೆತ ಎಷ್ಟು, ಅದರಲ್ಲಿ ಪಟ್ ಎಷ್ಟು. ಒಂದನ್ನೂ ಮುಚ್ಚಿಡಬೇಡಿ. ನಿಮ್ಮ ಹೊಡೆತಗಳು ಹೆಚ್ಚು ಸೋರುವುದು ಕುಳಿಯ ಹತ್ತಿರವೇ ಅಂತ ಬಹುಶಃ ಆಗ ಗೊತ್ತಾಗುತ್ತದೆ. ಅಲ್ಲಿ ತೋಳಿನ ಬಲ ಬೇಡ, ಹದ ಬೇಕು.

ನಮ್ಮ ಬೆಂಗಳೂರಿನ ಹುಡುಗಿ

ಅದಿತಿ ಅಶೋಕ್ ಹೆಸರು ಕೇಳಿದ್ದೀರಲ್ಲವೆ? ಮನೆಯಲ್ಲಿ ಯಾರಿಗೂ ಗಾಲ್ಫ್ ಗೊತ್ತಿಲ್ಲದಿದ್ದಾಗ ಐದನೇ ವಯಸ್ಸಿನಲ್ಲಿ ಆಟ ಶುರು ಮಾಡಿದ ಮಗು. 2016ರಲ್ಲಿ ರಿಯೊ ಒಲಿಂಪಿಕ್ಸ್‌ಗೆ ಹೋದಾಗ ಆಕೆಗೆ 18 ವರ್ಷ, ಅಲ್ಲಿ ಚೀಲ ಹೊತ್ತವರು ಅಪ್ಪ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚೀಲ ಹೊತ್ತದ್ದು ಅಮ್ಮ. ಅದಕ್ಕೆ ಸ್ವಲ್ಪ ಮುಂಚೆ ಆಕೆಗೆ ಕೋವಿಡ್ ಬಂದು ಮೈಯಲ್ಲಿ ಶಕ್ತಿ ಇಳಿದಿತ್ತು. ದೂರ ಹೊಡೆಯುವುದರಲ್ಲಿ ಆ ಕಣದಲ್ಲಿ ಆಕೆ ಹಿಂದಿನ ಸಾಲಿನವಳು. ಆದರೂ ನಾಲ್ಕನೆಯವಳಾಗಿ ಬಂದಳು. ಕಂಚು ಕೈತಪ್ಪಿದ್ದು ಒಂದೇ ಒಂದು ಹೊಡೆತದಿಂದ. ಆಕೆಯನ್ನು ಅಲ್ಲಿಯ ತನಕ ಒಯ್ದದ್ದು ಕುಳಿಯ ಹತ್ತಿರದ ಆಟ ಮತ್ತು ಪಟ್.

ಇನ್ನೊಂದು ಮಾತು. 2023ರಲ್ಲಿ ಚೀನಾದ ಹ್ಯಾಂಗ್‌ಝೌನಲ್ಲಿ ಏಷ್ಯನ್ ಕ್ರೀಡೆಗಳು ನಡೆದಾಗ ಕೊನೆಯ ದಿನದ ಹೊತ್ತಿಗೆ ಆಕೆ ಏಳು ಹೊಡೆತ ಮುಂದಿದ್ದಳು. ಆ ದಿನ 77 ಹೊಡೆತವಾಗಿ ಚಿನ್ನ ಹೋಗಿ ಬೆಳ್ಳಿ ಬಂತು. ಅಂಥವಳಿಗೂ ಅಂಥ ದಿನ ಬರುತ್ತದೆ. ನಿಮ್ಮದು ಒಂದು ಗಾಳಿ ಹೊಡೆತ, ಅಷ್ಟೇ ತಾನೆ?

ರೊಟ್ಟಿ ಬಡಿದ ಕೈಗೆ ಗೊತ್ತು

ಮೇಡ್ಲೇರಿಯ ಮಗಳಿಗೆ ಜೋಳದ ರೊಟ್ಟಿ ಹೇಳಿಕೊಡಬೇಕೆ? ಹೊಸದಾಗಿ ಕಲಿಯುವ ಹುಡುಗಿ ಜೋರಾಗಿ ಬಡಿದು ಅಂಚು ಒಡೆಸುತ್ತಾಳೆ. ಕೈ ಪಳಗಿದವಳು ಒಂದೇ ಲಯದಲ್ಲಿ ತಟ್ಟುತ್ತಾಳೆ, ರೊಟ್ಟಿ ತಾನಾಗಿ ತಿರುಗುತ್ತದೆ. ಗಾಲ್ಫ್ ಕೋಲು ಬೀಸುವುದಕ್ಕೂ ಅದೇ ಲಯ ಬೇಕು. ನಿಧಾನವಾಗಿ ಮೇಲೆ, ಅವಸರವಿಲ್ಲದೆ ಕೆಳಗೆ.

ಹಿಡಿತ ಬಿಗಿಯಾದರೆ ತೋಳೆಲ್ಲ ಮರಗಟ್ಟುತ್ತದೆ. ರಸ್ತೆ ದಾಟಿಸುವಾಗ ಮಗುವಿನ ಕೈ ಹಿಡಿಯುತ್ತೀರಲ್ಲ, ಹಾಗೆ ಹಿಡಿಯಿರಿ. ನೋಯಿಸಲೂಬಾರದು, ಜಾರಲೂಬಾರದು. ಚೆಂಡು ನೆಲದಲ್ಲೇ ಉರುಳಿದರೆ ಅದನ್ನು ಎತ್ತಿ ಹಾಕಲು ಹೋಗಬೇಡಿ. ಕೋಲಿನ ಮುಖವನ್ನೇ ಓರೆಯಾಗಿ ಮಾಡಿರುತ್ತಾರೆ, ಎತ್ತುವ ಕೆಲಸ ಅದರದು. ಚೆಂಡು ಹೊರಡುವ ತನಕ ಅದು ಇದ್ದ ಜಾಗವನ್ನೇ ನೋಡಿ. ಚಿಣಿಯ ಮೇಲಿನ ಕಣ್ಣು ತೆಗೆದರೆ ಏನಾಗುತ್ತಿತ್ತು ಅಂತ ನಿಮಗೆ ಮರೆತಿಲ್ಲ ತಾನೆ?

ಮನೆಯಲ್ಲೇ ಅಭ್ಯಾಸ

ದೀಪಾವಳಿಗೆ ಹದಿನೈದು ದಿನ ತವರಿಗೆ ಹೋದರೆ ಅಭ್ಯಾಸ ತಪ್ಪುತ್ತದೆ ಅಂತಲೂ ಬರೆದಿದ್ದೀರಿ. ಪಟ್ಟರ್ ಮತ್ತು ಓರೆ ಮುಖದ ಗಿಡ್ಡ ಕೋಲು, ಇವೆರಡನ್ನು ಜೊತೆಗೆ ಒಯ್ಯಿರಿ. ಪಡಸಾಲೆಯಲ್ಲಿ ಒಂದು ಜಮಖಾನೆ ಹಾಸಿ ಸುಕ್ಕು ಬಿಡಿಸಿ. ನಿಜವಾದ ಕುಳಿಯ ಅಗಲ ನಾಲ್ಕೂಕಾಲು ಅಂಗುಲ. ನೀವು ಅದಕ್ಕಿಂತ ಸಣ್ಣದಾದ ನೀರು ಕುಡಿಯುವ ಲೋಟವನ್ನು ಗುರಿ ಮಾಡಿಕೊಳ್ಳಿ. ಮೂರು ಅಡಿಯಿಂದ ಹತ್ತು ಚೆಂಡು, ಆಮೇಲೆ ಆರು ಅಡಿಯಿಂದ ಹತ್ತು. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ದೂರದಿಂದ ಆಡುವಾಗ ಲೋಟಕ್ಕೆ ತಾಗಿಸುವ ಹಟ ಬೇಡ, ಅದರ ಸುತ್ತ ಮೂರಡಿಯೊಳಗೆ ನಿಂತರೆ ಗೆದ್ದಂತೆ.

ಹಿತ್ತಿಲಲ್ಲಿ ಒಂದು ಬುಟ್ಟಿ ಇಟ್ಟು ಹತ್ತು ಹೆಜ್ಜೆ ದೂರದಿಂದ ಚೆಂಡನ್ನು ಅದರೊಳಗೆ ಬೀಳಿಸಲು ನೋಡಿ. ಇದು ‘ಚಿಪ್’. ಭಾರ ಮುಂದಿನ ಕಾಲಿನ ಮೇಲಿರಲಿ, ಕೈಗಳು ಚೆಂಡಿಗಿಂತ ತುಸು ಮುಂದಿರಲಿ, ಮಣಿಕಟ್ಟು ಅಲ್ಲಾಡದಿರಲಿ. ಗಟ್ಟಿ ಚೆಂಡು ಬೇಡ, ತೂತುಗಳಿರುವ ಪ್ಲಾಸ್ಟಿಕ್ ಚೆಂಡು ಬಳಸಿ. ಮಕ್ಕಳು, ದನಕರು ಓಡಾಡುವ ಕಡೆಗೆ ಮಾತ್ರ ಹೊಡೆಯಬೇಡಿ.

ಯಜಮಾನರ ವಿಷಯ

ಅವರ ಮನಸ್ಸು ಒಳ್ಳೆಯದೇ. ಆದರೆ ಗಂಡನಿಂದ ಕಾರು ಓಡಿಸುವುದನ್ನೂ ಗಾಲ್ಫನ್ನೂ ಕಲಿಯಬಾರದು ಅನ್ನುವುದು ನನ್ನ ಅನುಭವ. ನಾಲ್ಕೈದು ಪಾಠಕ್ಕೆ ತರಬೇತುದಾರರ ಹತ್ತಿರ ಹೋಗಿ, ಒಂದು ಸಲಕ್ಕೆ ಒಂದೇ ತಪ್ಪು ತಿದ್ದಿಕೊಳ್ಳಿ. ‘ನಿಮ್ಮ ಜೊತೆ ನಡೆಯೋದು ನನಗಿಷ್ಟ, ತಿದ್ದೋದನ್ನ ಮಾತ್ರ ಅವರಿಗೆ ಬಿಡಿ’ ಅಂತ ಯಜಮಾನರಿಗೆ ನಗುತ್ತ ಹೇಳಿ. ಕೇಳದಿದ್ದರೆ ನಿಯಮದ ಪುಸ್ತಕವೇ ನಿಮ್ಮ ಪರವಾಗಿದೆ. ಇಬ್ಬರೂ ಒಂದೇ ಸ್ಪರ್ಧೆಯಲ್ಲಿ ಎದುರಾಳಿಗಳಾಗಿ ಆಡುವಾಗ ಹೀಗೆ ಹೊಡಿ, ಹಾಗೆ ಹೊಡಿ ಅಂತ ಸಲಹೆ ಕೊಟ್ಟವರಿಗೆ ಎರಡು ಹೊಡೆತ ದಂಡ!

ನಿಮಗಿಂತ ಚೆನ್ನಾಗಿ ಆಡುವವರ ಎದುರು ನಾಚಿಕೆ ಬೇಡ. ಅದಕ್ಕೆಂದೇ ‘ಹ್ಯಾಂಡಿಕ್ಯಾಪ್’ ಇದೆ. ಹೊಸಬರಿಗೆ 54ರ ತನಕ ರಿಯಾಯಿತಿ ಸಿಗುತ್ತದೆ. 54ರಿಂದ 45ಕ್ಕೆ ಇಳಿದವಳ ಗೆಲುವು ಪದಕ ಗೆದ್ದವಳ ಗೆಲುವಿಗಿಂತ ಸಣ್ಣದಲ್ಲ.

ಇನ್ನು ಅವ್ವ. ಅವರಿಗೆ ಉತ್ತರ ಕೊಡಲು ಹೋಗಬೇಡಿ. ಹಬ್ಬಕ್ಕೆ ಹೋದಾಗ ಒಂದು ಸಂಜೆ ಪಟ್ಟರನ್ನು ಅವರ ಕೈಗೇ ಕೊಟ್ಟು ‘ಆ ಲೋಟಕ್ಕ ತಾಗಸು ನೋಡೋಣವ್ವ’ ಅನ್ನಿ. ಚೆಂಡು ಲೋಟದ ಪಕ್ಕದಲ್ಲೇ ಜಾರಿ ಹೋದರೆ ‘ತಡಿ, ಇನ್ನೊಮ್ಮೆ’ ಅಂತಾರೋ ಇಲ್ಲವೋ ನೋಡಿ. ಅಂದರೆ ನನಗೊಂದು ಕಾಗದ ಬರೆಯಿರಿ.

ಚೀಲದಲ್ಲಿ ಇರಲಿ: 18 ಕುಳಿ ಆಡಿ ಮುಗಿಸಲು ನಾಲ್ಕು ಗಂಟೆಯ ಮೇಲೆ ಬೇಕು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಎರಡು ಬಟ್ಟಲು ಶೇಂಗಾ ಹುರಿದು ಸಿಪ್ಪೆ ತೆಗೆದು ತರಿತರಿಯಾಗಿ ಕುಟ್ಟಿ. ಒಂದು ಬಟ್ಟಲು ಪುಡಿ ಬೆಲ್ಲ, ಎರಡು ಏಲಕ್ಕಿಯ ಪುಡಿ ಸೇರಿಸಿ ಮತ್ತೆ ಕುಟ್ಟಿದರೆ ಎಣ್ಣೆ ಬಿಟ್ಟುಕೊಳ್ಳುತ್ತದೆ. ಬಿಸಿ ಇರುವಾಗಲೇ ಉಂಡಿ ಕಟ್ಟಿ. ಒಂಬತ್ತನೇ ಕುಳಿ ಮುಗಿದಾಗ ಒಂದು ಉಂಡಿ, ಒಂದು ಲೋಟ ಮಜ್ಜಿಗೆ. ಕಿಸಕ್ಕೆಂದವರಿಗೂ ಒಂದು ಉಂಡಿ ಕೊಡಿ!