ಬಾವುಟದ ನೂಲು



ನಮ್ಮ ಶಾಲೆಗಳಲ್ಲಿ ರಾಷ್ಟ್ರಧ್ವಜವೆಂಬುದು ಬಹುಕಾಲದಿಂದ ಮೂರು ಅಂಕದ ಪ್ರಶ್ನೆ. ಕೇಸರಿ ಎಂದರೆ ತ್ಯಾಗ, ಬಿಳಿ ಎಂದರೆ ಶಾಂತಿ, ಹಸಿರು ಎಂದರೆ ಸಮೃದ್ಧಿ. ಇಷ್ಟು ಬರೆದರೆ ಪೂರ್ಣಾಂಕ. (ಚಕ್ರಕ್ಕೆ ಹದಿನಾರೋ ಇಪ್ಪತ್ತೋ ಗೆರೆಗಳನ್ನೆಳೆದು ಕೈತೊಳೆದುಕೊಳ್ಳುತ್ತಿದ್ದ ಮಹನೀಯರೂ ಇದನ್ನು ಓದುತ್ತಿರಬಹುದು. ಅವು 24, ಮರೆಯಬೇಡಿ.)

ಆದರೆ 1947ರ ಜುಲೈ 22ರಂದು ಸಂವಿಧಾನ ಸಭೆಯು ಅಂಗೀಕರಿಸಿದ ನಿರ್ಣಯವನ್ನು ತೆಗೆದು ನೋಡಿದರೆ ಬಣ್ಣಗಳ ಅರ್ಥವೇ ಅಲ್ಲಿಲ್ಲ. ಸಮನಾದ ಮೂರು ಪಟ್ಟಿ, ನಡುವೆ ಸಾರನಾಥದ ಸ್ತಂಭದಲ್ಲಿರುವಂತಹ ಕಡುನೀಲಿ ಚಕ್ರ, ಅಗಲಕ್ಕೂ ಉದ್ದಕ್ಕೂ 2:3ರ ಪ್ರಮಾಣ, ಅಷ್ಟೇ. ನಿರ್ಣಯವನ್ನು ಮಂಡಿಸಿದ ನೆಹರೂ ಅವರು ಈ ಬಣ್ಣಗಳಿಗೆ ಕೋಮಿನ ಅರ್ಥವನ್ನು ಹಚ್ಚಬಾರದೆಂದರು. ಅದೇ ಸಭೆಯಲ್ಲಿ ರಾಧಾಕೃಷ್ಣನ್ ಅವರು ಕೇಸರಿಯಲ್ಲಿ ವೈರಾಗ್ಯವನ್ನೂ ಬಿಳಿಯಲ್ಲಿ ಸತ್ಯದ ಬೆಳಕನ್ನೂ ಹಸಿರಿನಲ್ಲಿ ಮಣ್ಣಿನೊಡನೆ ನಮಗಿರುವ ನಂಟನ್ನೂ ಕಂಡರು. ಅದು ಒಬ್ಬ ದಾರ್ಶನಿಕರ ವ್ಯಾಖ್ಯಾನ, ಬಹಳ ಸುಂದರವಾದ ವ್ಯಾಖ್ಯಾನ.

ಅದಕ್ಕೂ ಹಿಂದೆ ಅರ್ಥಗಳು ಬೇರೆಯೇ ಇದ್ದವು. 1921ರಲ್ಲಿ ಬೆಜವಾಡದಲ್ಲಿ ಪಿಂಗಳಿ ವೆಂಕಯ್ಯನವರು ಗಾಂಧೀಜಿಗೆ ತೋರಿಸಿದ ಮಾದರಿಯಲ್ಲಿ ಕೆಂಪು ಹಿಂದೂಗಳಿಗೆ, ಹಸಿರು ಮುಸಲ್ಮಾನರಿಗೆ. ಉಳಿದವರಿಗಾಗಿ ಬಿಳಿ ಆಮೇಲೆ ಸೇರಿತು. ಹೀಗೆ ಬಣ್ಣ ಹಂಚುತ್ತಾ ಹೋದರೆ ನಮ್ಮದೆಲ್ಲಿ ಎಂದು ಸಿಖ್ಖರು ಕೇಳಿದ್ದು ಸಹಜವೇ. 1931ರಲ್ಲಿ ಏಳು ಜನರ ಸಮಿತಿಯೊಂದು ಕುಳಿತಿತು. ಅದರಲ್ಲಿ ನೆಹರೂ, ಪಟೇಲ್, ಆಜಾದ್ ಮುಂತಾದವರೊಡನೆ ನಮ್ಮ ಹುಬ್ಬಳ್ಳಿಯ ನಾ. ಸು. ಹರ್ಡೀಕರರೂ ಇದ್ದರು. ಸೇವಾದಳವನ್ನು ಕಟ್ಟಿದವರು, ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡವರು. ಇಡೀ ಧ್ವಜ ಕೇಸರಿಯೊಂದೇ ಬಣ್ಣದ್ದಾಗಿರಲಿ ಎಂದು ಸಮಿತಿ ಹೇಳಿತು, ಕಾಂಗ್ರೆಸ್ಸು ಒಪ್ಪಲಿಲ್ಲ. ಕೇಸರಿ, ಬಿಳಿ, ಹಸಿರುಗಳನ್ನೇ ಆರಿಸಿಕೊಂಡು, ಇವು ಯಾವ ಮತದ ಗುರುತೂ ಅಲ್ಲವೆಂದು ಸಾರಿತು.

ಬಣ್ಣಗಳೂ ಅವುಗಳ ಅರ್ಥವೂ ಹೀಗೆ ಬದಲಾಗುತ್ತಿದ್ದಾಗ ಬದಲಾಗದೆ ನಿಂತದ್ದು ಚರಕ, ಮತ್ತು ಚರಕದಿಂದ ಬಂದ ಬಟ್ಟೆ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ನಿಷೇಧಾಜ್ಞೆಯನ್ನು ಮುರಿದು ಏರಿಸಿದ್ದೂ, ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಜನ ಗುಂಡಿಗೆ ಎದೆಯೊಡ್ಡಿದ್ದೂ ಆ ಚರಕದ ಬಾವುಟಕ್ಕಾಗಿ. 1947ರಲ್ಲಿ ಚರಕದ ಚಿತ್ರ ಹೋಗಿ ಅಶೋಕ ಚಕ್ರ ಬಂತು. ಚರಕವು ಬಾವುಟದ ಎರಡೂ ಮಗ್ಗುಲಿನಿಂದ ಒಂದೇ ರೀತಿ ಕಾಣದು, ಚಕ್ರವಾದರೆ ಕಾಣುತ್ತದೆ ಎಂಬುದು ಕೊಟ್ಟ ಕಾರಣಗಳಲ್ಲೊಂದು. ಗಾಂಧೀಜಿ ಇದರಿಂದ ನೊಂದರು, ಬಹಿರಂಗವಾಗಿಯೇ ಬರೆದರು. ಆದರೂ ಸ್ವತಂತ್ರ ಭಾರತದ ನಿಯಮಗಳು ಒಂದು ವಿವೇಕವನ್ನು ತೋರಿದವು: ಧ್ವಜವು ಕೈಯಲ್ಲಿ ನೂತು ಕೈಯಲ್ಲಿ ನೇಯ್ದ ಖಾದಿಯದೇ ಆಗಿರಬೇಕು. ಚಿತ್ರದಿಂದ ಇಳಿದ ಚರಕ ಎಳೆಯಲ್ಲಿ ಉಳಿಯಿತು. ದೇಶದ ಮಾನಕಗಳಲ್ಲಿ ಒಂದನೆಯ ಸಂಖ್ಯೆಯದು, 1951ರದು, ರಾಷ್ಟ್ರಧ್ವಜದ್ದೇ.

ಆ ಎಳೆ ಹೆಚ್ಚಾಗಿ ಬಂದದ್ದು ನಮ್ಮ ಉತ್ತರ ಕರ್ನಾಟಕದಿಂದ. ಧಾರವಾಡದ ಹತ್ತಿರದ ಗರಗದಲ್ಲಿ ಧ್ವಜದ ಬಟ್ಟೆ ನೇಯುವುದು ದಶಕಗಳ ಕಸುಬು. ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಆರಂಭವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ, ಬಟ್ಟೆಗೆ ಬಣ್ಣ ಹಾಕುತ್ತಾರೆ, ಚಕ್ರ ಮುದ್ರಿಸುತ್ತಾರೆ, ಹೊಲಿಯುತ್ತಾರೆ. ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಒಂಬತ್ತು ಅಳತೆಗಳು, ದೊಡ್ಡದು 21 ಅಡಿ ಉದ್ದ, 14 ಅಡಿ ಅಗಲ. ಎಳೆಗಳ ಎಣಿಕೆ ತಪ್ಪಿದರೆ, ಬಣ್ಣ ಬಿಟ್ಟರೆ, ಎರಡು ಬದಿಯ ಚಕ್ರಗಳು ಒಂದರ ಮೇಲೊಂದು ಕೂರದಿದ್ದರೆ ಅದು ಧ್ವಜವಲ್ಲ, ಬರಿಯ ಬಟ್ಟೆ. ಇಷ್ಟು ಕಟ್ಟುನಿಟ್ಟಿನ ಮೌಲ್ಯಮಾಪನವನ್ನು ನಮ್ಮ ಪರೀಕ್ಷಾ ಮಂಡಳಿಗಳೂ ಮಾಡಿದ್ದನ್ನು ನಾನು ಕಾಣೆ.

2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಯಿತು. ಯಂತ್ರದಲ್ಲಿ ತಯಾರಾದದ್ದೂ ಆಗಬಹುದು, ಪಾಲಿಯೆಸ್ಟರ್ ಕೂಡ ಆಗಬಹುದು ಎಂದಾಯಿತು. ಮರುವರ್ಷದ ಆಗಸ್ಟಿನಲ್ಲಿ ಮನೆಮನೆಯ ಮೇಲೂ ತ್ರಿವರ್ಣ ಹಾರಿತು. ಬೆಂಗೇರಿಯ ಸಂಘದವರು ತಿದ್ದುಪಡಿಯನ್ನು ವಿರೋಧಿಸಿ ದನಿಯೆತ್ತಿದರು. ಆ ದನಿ ದೂರ ಹೋಗಲಿಲ್ಲ.

ಎದುರುವಾದವನ್ನು ನಾನು ತಳ್ಳಿಹಾಕುವುದಿಲ್ಲ. ಕೋಟಿಗಟ್ಟಲೆ ಮನೆಗಳಿಗೆ ಕೈಮಗ್ಗದಿಂದ ಧ್ವಜ ಒದಗಿಸಲು ಯಾವ ಸಂಘಕ್ಕೂ ಆಗದು. ಕೂಲಿಯವನು ತನ್ನ ಮನೆಯ ಮೇಲೊಂದು ಬಾವುಟ ಕಟ್ಟಬೇಕೆಂದರೆ ಅದು ಅವನ ಕೈಗೆಟುಕುವ ಬೆಲೆಗೆ ಸಿಗಬೇಕು. 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು ಧ್ವಜ ಹಾರಿಸುವುದನ್ನು ಪ್ರಜೆಯ ಹಕ್ಕೆಂದು ಎತ್ತಿಹಿಡಿದದ್ದು ನನಗೆ ಸಂತೋಷ ತಂದ ತೀರ್ಪು. ಆದರೆ ಮನೆಯ ಮಾತು ಬೇರೆ, ಶಾಲೆಯ ಮಾತು ಬೇರೆ. ಶಾಲೆಗೆ ಬೇಕಾದದ್ದು ಒಂದೇ ಧ್ವಜ. ಜೋಪಾನವಾಗಿಟ್ಟರೆ ಹಲವು ವರ್ಷ ಬಾಳುತ್ತದೆ. ಸರಕಾರಿ ಕಚೇರಿಗಳಿಗೂ ಇದೇ ಮಾತು. ಇಲ್ಲಿ ಅಗ್ಗದ ಸಬೂಬು ನಡೆಯದು. ಸ್ವದೇಶಿಯ ಪಾಠವನ್ನು ಕೋಣೆಯೊಳಗೆ ಹೇಳಿ, ಅಂಗಳದಲ್ಲಿ ಪಾಲಿಯೆಸ್ಟರ್ ಹಾರಿಸಿದರೆ ಮಕ್ಕಳು ನಂಬುವುದು ಅಂಗಳವನ್ನು. ಮೊನ್ನೆ ಆಗಸ್ಟಿನಲ್ಲಿ ಒಂದು ಶಾಲೆಯ ಕಂಬದ ಮೇಲೆ ಕಂಡ ಚಕ್ರ ಕೋಳಿಮೊಟ್ಟೆಯಂತಿತ್ತು. ಅದರ ಕೆಳಗೆ ನಿಂತ ಮಗುವಿಗೆ ನ್ಯಾಯದ ಚಕ್ರವೆಂದು ಯಾವ ಬಾಯಿಂದ ಹೇಳುವುದು?

ಗರಗದ ಮಗ್ಗಕ್ಕೆ ಬೇಡಿಕೆ ನಿಂತರೆ ನೇಯುವ ಕೈಗಳು ಬೇರೆ ಕೂಲಿ ಹುಡುಕುತ್ತವೆ. ಹತ್ತು ವರ್ಷದ ನಂತರ ಯಾರಾದರೂ ಸಚಿವರಿಗೆ ಖಾದಿ ಧ್ವಜದ ನೆನಪಾದರೂ ಅಷ್ಟು ಬಿಗಿಯಾಗಿ ನೇಯುವವರು ಸಿಗುವುದಿಲ್ಲ.

ನಿಮ್ಮಲ್ಲಿ ಕೆಲವರು ಈಗ ಮುಖ್ಯೋಪಾಧ್ಯಾಯರು, ಕೆಲವರು ಶಾಲಾಭಿವೃದ್ಧಿ ಸಮಿತಿಗಳಲ್ಲಿ ಇದ್ದೀರಿ. ಜುಲೈ ತಿಂಗಳಲ್ಲೇ ಬೀರು ತೆರೆದು ಧ್ವಜವನ್ನು ಬೆಳಕಿಗೆ ಹಿಡಿದು ನೋಡಿ. ಕೈನೂಲಿನದೋ ಅಲ್ಲವೋ ತಿಳಿಯುತ್ತದೆ. ಹೊಸದು ಬೇಕಾದರೆ ಬೆಂಗೇರಿಗೆ ಬರೆಯಿರಿ. ಹಣ ಸಾಲದಿದ್ದರೆ ನನಗೊಂದು ಕಾಗದ ಹಾಕಿ, ಪಿಂಚಣಿ ಬಂದ ವಾರದಲ್ಲಾದರೆ ಒಳ್ಳೆಯದು.