ಮಕ್ಕಳ ಅಂಜಿಕೆಗೆ ಯಾರು ಹೊಣೆ?

ಭದ್ರಾವತಿಯ ನ್ಯೂ ಟೌನಿನಲ್ಲಿ ದೊಡ್ಡವರ ಕಷ್ಟದ ಮಾತು ವರ್ಷಗಳಿಂದ ನಡೆಯುತ್ತಲೇ ಇದೆ. 1923ರಲ್ಲಿ ಕುಲುಮೆ ಹೊತ್ತಿಸಿದ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚಲು 2023ರ ಜನವರಿಯಲ್ಲಿ ಸೈಲ್ ಆಡಳಿತ ಮಂಡಳಿ ತೀರ್ಮಾನಿಸಿತು. ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು. 2024ರಲ್ಲಿ ಉಕ್ಕಿನ ಮಂತ್ರಿಗಳು ಬಂದು ಪುನಶ್ಚೇತನದ ಮಾತು ಕೊಟ್ಟು ಹೋದರು. ಪೇಪರ್ ಟೌನಿನ ಕಾಗದದ ಯಂತ್ರಗಳು 2015ರಲ್ಲಿಯೇ ನಿಂತುಹೋದವು. ಇದನ್ನೆಲ್ಲ ಸಭೆಗಳಲ್ಲಿ ಆಡಿದ್ದೇವೆ, ಆಡಬೇಕಾದದ್ದೇ. ಆದರೆ ಈ ಸುದ್ದಿಗಳನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿ, ಮರುದಿನ ಪುಸ್ತಕದ ಚೀಲದೊಡನೆ ಶಾಲೆಗೆ ಹೊತ್ತೊಯ್ಯುವ ಏಳೆಂಟು ವರ್ಷದ ಮಗುವಿನ ಮಾತನ್ನು ಯಾವ ಸಭೆಯೂ ಆಡಲಿಲ್ಲ.

ಮಕ್ಕಳಿಗೇನು ಚಿಂತೆ ಎನ್ನುವವರುಂಟು. ಅಪ್ಪನಿಗೆ ಈ ತಿಂಗಳು ಎಷ್ಟು ದಿನದ ಕೆಲಸ ಸಿಕ್ಕಿತೆಂಬುದು ಮಗುವಿಗೆ ಗೊತ್ತು. ಅಂಗಡಿಯ ಉದ್ರಿ ಪುಸ್ತಕದಲ್ಲಿ ಮನೆಯ ಹೆಸರಿನ ಕೆಳಗೆ ಗೆರೆ ಎಳೆದದ್ದೂ ಗೊತ್ತು. ಹೇಳಿಕೊಳ್ಳುವ ಮಾತು ಮಾತ್ರ ಅದಕ್ಕಿಲ್ಲ. ಅದಕ್ಕೆಂದೇ ಅದು ಬೆಳಿಗ್ಗೆ ಹೊಟ್ಟೆನೋವೆನ್ನುತ್ತದೆ, ಲೆಕ್ಕ ಮರೆಯುತ್ತದೆ, ಪಕ್ಕದವನಿಗೆ ಹೊಡೆಯುತ್ತದೆ, ಇಲ್ಲವೇ ಹಿಂದಿನ ಸಾಲಿನಲ್ಲಿ ಕುಳಿತು ಗೋಡೆ ನೋಡುತ್ತದೆ. ಶಾಲೆಯು ಇದಕ್ಕೆ ಇಡುವ ಹೆಸರು ದಡ್ಡತನ ಅಥವಾ ಪುಂಡಾಟ. ನಾವು ಇಡುವ ಹೆಸರು ಅಂಜಿಕೆ. ಅಂಜಿದ ಮಗು ಕಲಿಯಲಾರದು.

ಕಾನೂನು ಇಲ್ಲವೆಂದಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮಗುವನ್ನು ಹೊಡೆಯಕೂಡದು, ಮಾನಸಿಕವಾಗಿ ಹಿಂಸಿಸಕೂಡದು ಎಂದು ಅದರ 17ನೇ ಕಲಮು ಹೇಳುತ್ತದೆ. ಕಲಿಕೆಯು ಮಗುವನ್ನು ಭಯ ಮತ್ತು ಕಳವಳದಿಂದ ಬಿಡಿಸಬೇಕೆಂದು 29ನೇ ಕಲಮು ಹೇಳುತ್ತದೆ. ಮಾತು ಚೆನ್ನಾಗಿದೆ. ಆದರೆ ಅದೇ ಕಾಯಿದೆಯ ಅನುಸೂಚಿಯ ಪ್ರಕಾರ, 1ರಿಂದ 5ನೇ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಉಪಾಧ್ಯಾಯರಿದ್ದರೆ ಸಾಕು! ಐದು ತರಗತಿ, ಇಬ್ಬರು ಉಪಾಧ್ಯಾಯರು. ಒಬ್ಬರು ಸಭೆಗೋ ಸಮೀಕ್ಷೆಗೋ ಹೋದರೆ ಉಳಿದವರು ಒಬ್ಬರೇ. ಆ ಒಬ್ಬರು ಯಾವ ಮಗುವಿನ ಮುಖ ನೋಡಿಯಾರು? ಯಾರ ಕಣ್ಣೀರು ಕೇಳಿಯಾರು? ಖಾಲಿ ಜಾಗಗಳಿಗೆ ಸರ್ಕಾರ ಅತಿಥಿ ಶಿಕ್ಷಕರನ್ನು ಕಳಿಸುತ್ತದೆ. ಅವರು ಅತಿಥಿಗಳೇ, ಬೇಸಿಗೆ ಬಂದೊಡನೆ ಗೌರವಧನ ನಿಲ್ಲುತ್ತದೆ, ಮುಂದಿನ ವರ್ಷ ಇದೇ ಶಾಲೆಯೆಂಬ ಭರವಸೆ ಇಲ್ಲ. ಕಾರ್ಖಾನೆಯಲ್ಲಿ ಅಪ್ಪ ಗುತ್ತಿಗೆ, ಶಾಲೆಯಲ್ಲಿ ಮೇಷ್ಟ್ರು ಗುತ್ತಿಗೆ. ನಾಳೆಯ ನಂಬಿಕೆ ಇಲ್ಲದವರಿಂದ ಮಗುವಿಗೆ ನಾಳೆಯ ನಂಬಿಕೆ ಬರಬೇಕಂತೆ!

ಇನ್ನು ಪರೀಕ್ಷೆಯ ಕಥೆ ಕೇಳಿ. 2024ರ ಮಾರ್ಚಿಯಲ್ಲಿ ರಾಜ್ಯ ಸರ್ಕಾರ 5ನೇ ತರಗತಿಯ ಮಕ್ಕಳಿಗೂ ಮಂಡಳಿಯ ಪರೀಕ್ಷೆ ಇಟ್ಟಿತು. ಹೈಕೋರ್ಟಿನ ಏಕಸದಸ್ಯ ಪೀಠ ಬೇಡವೆಂದಿತು, ವಿಭಾಗೀಯ ಪೀಠ ನಡೆಸಿರೆಂದಿತು. ಪರೀಕ್ಷೆ ಶುರುವಾದ ಮೇಲೆ ಸುಪ್ರೀಂ ಕೋರ್ಟು ತಡೆಯಿತು. ತಿಂಗಳ ಕೊನೆಗೆ ಮತ್ತೆ ನಡೆಯಿತು. ಏಪ್ರಿಲಿನಲ್ಲಿ ಫಲಿತಾಂಶಕ್ಕೇ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಹತ್ತು ವರ್ಷದ ಮಗು ಒಮ್ಮೆ ಪುಸ್ತಕ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಯಾರ ಪ್ರತಿಷ್ಠೆಗಾಗಿ ಈ ಆಟ? 1951ರಲ್ಲಿ ನಮ್ಮ ಜಿಲ್ಲೆಯ ಕಾಗೋಡಿನ ಗೇಣಿದಾರರು ಒಡೆಯನ ಕೊಳಗದ ಅಳತೆಯನ್ನೇ ಪ್ರಶ್ನಿಸಿದರು. ಬತ್ತ ಅಳೆಯುವ ಕೊಳಗ ಮೋಸದ್ದಾದರೆ ರೈತ ಎಷ್ಟು ದುಡಿದರೂ ಸಾಲಗಾರನೇ. ಉಪಾಧ್ಯಾಯರನ್ನು ಕೊಡದೆ ಪರೀಕ್ಷೆಯನ್ನು ಮಾತ್ರ ಕೊಡುವ ಸರ್ಕಾರದ ಕೊಳಗವೂ ಅಂಥದ್ದೇ. ಅದರಲ್ಲಿ ಬಡವರ ಮಗು ಯಾವಾಗಲೂ ಕಡಿಮೆ ತೂಗುತ್ತದೆ.

ಬೇರೆ ದಾರಿ ಇಲ್ಲವೇ? ಇದೆ, ಅದೂ ಈ ನಾಡಿನಲ್ಲಿಯೇ ಹುಟ್ಟಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಉಪಾಧ್ಯಾಯರು 'ನಲಿ ಕಲಿ'ಯನ್ನು ಕಟ್ಟಿದರು. ಮಗು ತನ್ನ ವೇಗದಲ್ಲಿ ಕಲಿಯಲಿ, ಹಾಡಲಿ, ಆಡಲಿ, ನಪಾಸೆಂಬ ಹೆದರಿಕೆ ಬೇಡವೆಂಬುದು ಅದರ ಜೀವಾಳ. ಆದರೆ ರಾಜ್ಯವೆಲ್ಲ ಹಬ್ಬಿಸುವಾಗ ಮೂರು ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಒಬ್ಬರ ಕೈಗೊಪ್ಪಿಸಲು ಇದು ಅನುಕೂಲದ ನೆಪವಾಯಿತು. ಉಪಾಧ್ಯಾಯರ ಪ್ರೀತಿಯಿಂದ ಹುಟ್ಟಿದ್ದು ಇಲಾಖೆಯ ಉಳಿತಾಯವಾಯಿತು.

ಈಗ ನಮ್ಮವರಿಗೇ ಒಂದು ಮಾತು. ನಾವೂ ಪೆಟ್ಟು ತಿಂದೇ ಮನುಷ್ಯರಾದೆವು ಎನ್ನುವ ಕಾರ್ಮಿಕ ಬಂಧುಗಳು ಹಲವರಿದ್ದಾರೆ. ಪೆಟ್ಟಿನಿಂದ ಕಲಿಯುವುದು ತಲೆ ತಗ್ಗಿಸುವುದನ್ನು. ಮೇಷ್ಟ್ರ ಬೆತ್ತಕ್ಕೆ ಬೆದರಿ ಬೆಳೆದವನು ಮುಂದೆ ಮೇಸ್ತ್ರಿಯ ಕೂಗಿಗೆ, ಗುತ್ತಿಗೆದಾರನ ಹುಬ್ಬಿಗೆ ಬೆದರುತ್ತಾನೆ. ಸಂಘದ ಸಭೆಯಲ್ಲಿ ಕೈ ಎತ್ತುವ ಧೈರ್ಯ ಒಂದನೇ ತರಗತಿಯಲ್ಲಿ ಪ್ರಶ್ನೆ ಕೇಳುವ ಧೈರ್ಯದಿಂದಲೇ ಬರಬೇಕು. ಮನೆಯಲ್ಲಿ ತಮಿಳೋ ತೆಲುಗೋ ಉರ್ದುವೋ ಲಂಬಾಣಿಯೋ ಆಡುವ ಮಗುವಿನ ಕನ್ನಡವನ್ನು ಅಣಕಿಸುವವರನ್ನು ತಡೆಯುವುದೂ ನಮ್ಮ ಕೆಲಸವೇ. ನಾಡಿನ ನಾಲ್ಕೂ ಕಡೆಯಿಂದ ಬಂದವರು ಕಟ್ಟಿದ ಊರಿದು. ಅಂಗಡಿಯ ಬಂಧುಗಳಲ್ಲಿಯೂ ಒಂದು ಬಿನ್ನಹ: ಬಾಕಿ ಕೇಳುವುದಿದ್ದರೆ ದೊಡ್ಡವರನ್ನು ಕೇಳಿ. ಎಣ್ಣೆಗೆ ಬಂದ ಮಗುವನ್ನು ನಾಲ್ಕು ಜನರೆದುರು ಕೇಳಬೇಡಿ.

ನಮ್ಮ ಬೇಡಿಕೆಗಳು ಸ್ಪಷ್ಟ. ಪ್ರತಿ ತರಗತಿಗೆ ಒಬ್ಬ ಕಾಯಂ ಉಪಾಧ್ಯಾಯರು. ಕಿರಿಯ ತರಗತಿಗಳಿಗೆ ಮಂಡಳಿ ಪರೀಕ್ಷೆ ಕೂಡದು. ಕೆಲವು ಶಾಲೆಗಳಿಗೆ ಒಬ್ಬರಂತಾದರೂ ಮಕ್ಕಳ ಮನಸ್ಸು ಬಲ್ಲ ತರಬೇತಿ ಪಡೆದವರು. ಮನಸ್ಸಿನ ಚಿಕಿತ್ಸೆಗೆ ದೇಶಕ್ಕೆ ದಾರಿ ತೋರಿದ ನಿಮ್ಹಾನ್ಸ್ ಇರುವುದು ನಮ್ಮ ರಾಜಧಾನಿಯಲ್ಲಿ. 1980ರ ದಶಕದಲ್ಲಿ ಅದೇ ಸಂಸ್ಥೆ ಬಳ್ಳಾರಿಯಲ್ಲಿ ಮಾಡಿ ತೋರಿಸಿದ ಜಿಲ್ಲಾ ಮಾದರಿ 1996ರಲ್ಲಿ ರಾಷ್ಟ್ರದ ಯೋಜನೆಯಾಯಿತು. ಅದು ಶಿವಮೊಗ್ಗ ಜಿಲ್ಲೆಯ ಪ್ರಾಥಮಿಕ ಶಾಲೆಯ ಹೊಸ್ತಿಲಿಗೆ ಬರಲು ಇನ್ನೆಷ್ಟು ವರ್ಷ?

ಇವು ತಾವಾಗಿ ಬರುವುದಿಲ್ಲ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು ಅದೇ ಕಾಯಿದೆ ಹೇಳಿದೆ. ಸಹಿ ಹಾಕಿ ಎದ್ದು ಬರುವ ಸಮಿತಿ ಅದಲ್ಲ. ಮುಂದಿನ ಸಭೆಗೆ ಪಾಳಿ ಬದಲಾಯಿಸಿಕೊಂಡಾದರೂ ಹೋಗಿ. ಉಪಾಧ್ಯಾಯರ ಮೇಲೆ ಎಗರಬೇಡಿ, ಅವರನ್ನು ಜೊತೆಗೆ ಕರೆದುಕೊಳ್ಳಿ. ಕೇಳಬೇಕಾದ್ದು ಸರ್ಕಾರವನ್ನು. ಕಾರ್ಖಾನೆಯ ಬಾಗಿಲು ತೆರೆಸಲು ಬೀದಿಯಲ್ಲಿ ಕುಳಿತ ಜನ, ಮಗುವಿನ ಬಾಯಿ ತೆರೆಸಲು ಶಾಲೆಯ ಬೆಂಚಿನ ಮೇಲೆ ಒಂದು ಗಂಟೆ ಕುಳಿತುಕೊಳ್ಳಲಾರರೇ?